ಒಣಗಿದ ವಾದಿಯನ್ನು ನಂಬಬೇಡಿ

2007ರ ಜೂನ್ ತಿಂಗಳಲ್ಲಿ ಮಸ್ಕತ್‌ನಲ್ಲಿದ್ದ ನಮ್ಮ ಹಿರಿಯರ ಬಳಿ 'ಗೋನು' ಎಂದು ಹೇಳಿ ನೋಡಿ, ಮಾತು ಬೇಗ ಮುಗಿಯುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ದಾಖಲಾದ ಚಂಡಮಾರುತಗಳಲ್ಲೇ ಅತಿ ಪ್ರಬಲವಾದದ್ದು ಅದು. ನಡುಗಡಲಿನಲ್ಲಿದ್ದಾಗ ಗಾಳಿಯ ವೇಗ ಗಂಟೆಗೆ 230 ಕಿ.ಮೀ. ದಾಟಿತ್ತು. (ಹೆಸರು ಕೊಟ್ಟದ್ದು ಮಾಲ್ದೀವ್ಸ್. ಅವರ ಭಾಷೆಯಲ್ಲಿ ಗೋನು ಎಂದರೆ ಗರಿಯಿಂದ ಹೆಣೆದ ಚೀಲವಂತೆ!)

ಒಮಾನ್ ಕರಾವಳಿಗೆ ಬರುವಷ್ಟರಲ್ಲಿ ಗಾಳಿಯ ಬಲ ಕುಗ್ಗಿತ್ತು. ಆದರೂ ಅಲ್ಲಿ ಸುಮಾರು 50 ಜನ ತೀರಿಕೊಂಡರು. ಕೊಂದದ್ದು ಹೆಚ್ಚಾಗಿ ನೀರು. ಇಲ್ಲಿಯ ಬೆಟ್ಟಗಳು ನಮ್ಮ ಘಟ್ಟದ ಹಾಗಲ್ಲ, ಮರವಿಲ್ಲ, ಮಣ್ಣಿಲ್ಲ, ಬರೀ ಬಂಡೆ. ಬಿದ್ದ ಮಳೆ ಇಂಗದೆ ನೇರ ವಾದಿಗೆ ಇಳಿಯುತ್ತದೆ. ನಾವು ನಿಂತ ಜಾಗದಲ್ಲಿ ಬಿಸಿಲಿರಬಹುದು, ಮೇಲೆ ಬೆಟ್ಟದಲ್ಲಿ ಸುರಿದದ್ದು ಗಳಿಗೆಯಲ್ಲಿ ಕಾರನ್ನೇ ಎತ್ತಿಕೊಂಡು ಹೋಗುತ್ತದೆ. ಊರಿನ ಹೊಳೆಯಲ್ಲಿ ಈಜಿ ಬೆಳೆದವರು ನಾವು ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅಂದು ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳೂ ನಿಂತು, ಮಸ್ಕತ್‌ನಲ್ಲಿ ಕುಡಿಯುವ ನೀರಿಗೇ ಪರದಾಟವಾಯಿತು.

2021ರ ಅಕ್ಟೋಬರ್‌ನಲ್ಲಿ 'ಶಾಹೀನ್' ಬಂದಾಗ ರುಸೈಲ್‌ನಲ್ಲಿ ಗುಡ್ಡ ಕುಸಿದು, ವಸತಿಯಲ್ಲಿದ್ದ ಇಬ್ಬರು ಏಷ್ಯಾದ ಕಾರ್ಮಿಕರು ಸತ್ತರು. 2024ರ ಏಪ್ರಿಲ್ 16ರ ಮಳೆ ನಮಗೆಲ್ಲ ನೆನಪಿದೆ. ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಸುರಿಯಿತು. ಯುಎಇಯಲ್ಲಿ 1949ರಿಂದ ಇಟ್ಟ ಲೆಕ್ಕದಲ್ಲಿ ಇದೇ ಅತಿ ಹೆಚ್ಚು.

ನಮ್ಮ ಬೇಸರ ಒಂದಿದೆ. ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ಅರಬಿಯಲ್ಲಿ, ಇಂಗ್ಲಿಷಿನಲ್ಲಿ. ಕ್ಯಾಂಪಿನಲ್ಲಿ ಅದನ್ನು ಓದಿ ಹೇಳುವವರು ಯಾರು? ಹಾಗಾಗಿ ಪ್ರತಿ ಕ್ಯಾಂಪಿನಿಂದ ಭಾಷೆ ಬಲ್ಲ ಒಬ್ಬರ ಹೆಸರು ಬೇಕು. ಹವಾಮಾನ ಇಲಾಖೆಯ ಸೂಚನೆ ಬಂದ ಕೂಡಲೇ ಬ್ಯಾರಿಯಲ್ಲೋ ಕನ್ನಡದಲ್ಲೋ ವಾಯ್ಸ್ ಮೆಸೇಜ್ ಮಾಡಿ ಗ್ರೂಪಿಗೆ ಹಾಕುವುದು ಅವರ ಕೆಲಸ. ಎಲ್ಲಿಂದಲೋ ಬಂದ ಹಳೇ ವಿಡಿಯೋ ಬೇಡ, ಅದನ್ನು ನೋಡಿ ಊರಿನಲ್ಲಿ ಉಮ್ಮಂದಿರು ರಾತ್ರಿಯಿಡೀ ನಿದ್ದೆಗೆಡುತ್ತಾರೆ.

ಡ್ರೈವರ್ ಕೆಲಸದ ಸಹೋದರರಿಗೆ ಬೇರೆಯೇ ಹೇಳಬೇಕು. ತುಂಬಿದ ವಾದಿಗೆ ಗಾಡಿ ಇಳಿಸಿದರೆ ಯುಎಇಯಲ್ಲಿ 2,000 ದಿರ್ಹಂ ದಂಡ, 23 ಬ್ಲ್ಯಾಕ್ ಪಾಯಿಂಟ್, ಗಾಡಿ 60 ದಿನ ಜಪ್ತಿ. ಡೆಲಿವರಿ ತಡವಾಯಿತೆಂದು ಮೇಲಿನವರು ಗದರಿಸಿದರೆ ಈ ನಿಯಮವನ್ನೇ ತೋರಿಸಿ. ಆಮೇಲೂ ಒತ್ತಾಯಿಸಿದರೆ ನಮಗೆ ಫೋನ್ ಮಾಡಿ, ಅವರ ಹತ್ತಿರ ನಾವು ಮಾತಾಡುತ್ತೇವೆ.