ಹೆಸರು ಅಳಿಸಿದರೆ ಗುರುತು ಅಳಿಯುವುದೇ?

ಇಂದು ಬ್ಯಾಂಕೊಂದರ ಕಂಪ್ಯೂಟರಿಗೆ ಕನ್ನ ಹಾಕಲೆತ್ನಿಸಿದವನು ನಾಳೆ ಆಸ್ಪತ್ರೆಯ ಬಾಗಿಲನ್ನೂ ತಟ್ಟುತ್ತಾನೆ. ಆದ್ದರಿಂದ ಸಂಸ್ಥೆಗಳು ತಮ್ಮ ಜಾಲದ ದಾಖಲೆಗಳನ್ನು ಪರಸ್ಪರ ಹೋಲಿಸಿ ನೋಡುವುದು ಅಗತ್ಯವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ದಾಖಲೆಗಳಲ್ಲಿರುವುದು ಕಳ್ಳನ ಹೆಜ್ಜೆಗುರುತು ಮಾತ್ರವಲ್ಲ. ಯಾರು ಯಾವ ಹೊತ್ತಿನಲ್ಲಿ ಯಾವ ವೈದ್ಯರ, ಯಾವ ವಕೀಲರ ತಾಣವನ್ನು ತೆರೆದರು ಎಂಬ ನಿರಪರಾಧಿಗಳ ಬದುಕಿನ ವಿವರವೂ ಅಲ್ಲಿದೆ.

ಹೆಸರುಗಳನ್ನು ಅಳಿಸಿಯೇ ಕೊಡುತ್ತೇವೆ ಎಂಬುದು ಇದಕ್ಕೆ ದೊರೆಯುವ ಸಿದ್ಧ ಉತ್ತರ. ಈ ಉತ್ತರದ ಪೊಳ್ಳುತನ 2006ರಲ್ಲೇ ಬಯಲಾಗಿದೆ. ಅಮೆರಿಕದ ಎಒಎಲ್ ಕಂಪೆನಿಯು ಆರೂವರೆ ಲಕ್ಷದಷ್ಟು ಬಳಕೆದಾರರ ಹುಡುಕಾಟದ ವಿವರಗಳನ್ನು, ಹೆಸರಿನ ಬದಲು ಸಂಖ್ಯೆ ನಮೂದಿಸಿ, ಸಂಶೋಧಕರಿಗೆಂದು ಬಹಿರಂಗಪಡಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಆ ಸಂಖ್ಯೆಯೊಂದರ ಹಿಂದಿದ್ದ ಮಹಿಳೆಯ ಮನೆ ಬಾಗಿಲಲ್ಲಿದ್ದರು. ಕಂಪ್ಯೂಟರಿನ ಐಪಿ ವಿಳಾಸವನ್ನು ಗೂಢಾಕ್ಷರವಾಗಿ ಮಾರ್ಪಡಿಸಿ ಕೊಡುವ ಕ್ರಮವೂ ಅಷ್ಟೇ ದುರ್ಬಲ. ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅವೆಲ್ಲವನ್ನೂ ಅದೇ ವಿಧಾನದಿಂದ ಮಾರ್ಪಡಿಸಿ, ಹೋಲಿಸಿ, ಮೂಲವನ್ನು ಪತ್ತೆಹಚ್ಚುವುದು ಇಂದಿನ ಯಂತ್ರಗಳಿಗೆ ಕಷ್ಟವೇ ಅಲ್ಲ.

ಹಾಗಾದರೆ ಸುರಕ್ಷತೆಗಾಗಿ ಖಾಸಗಿತನವನ್ನು ಬಲಿಗೊಡಲೇಬೇಕೇ? ಖಂಡಿತ ಇಲ್ಲ. ಇಬ್ಬರು ತಂತಮ್ಮ ಪಟ್ಟಿಗಳಿಗೆ ತಮ್ಮದೇ ಗುಪ್ತ ಬೀಗ ಹಾಕಿ ಅದಲುಬದಲು ಮಾಡಿಕೊಂಡು, ಅದರ ಮೇಲೆ ಮತ್ತೊಂದು ಬೀಗ ಹಾಕುವ ಗಣಿತವಿದೆ. ಯಾವ ಬೀಗ ಮೊದಲು ಬಿದ್ದರೂ ಒಂದೇ ವಿಳಾಸ ಒಂದೇ ರೂಪ ತಾಳುತ್ತದೆ. ಹೀಗಾಗಿ ಎರಡೂ ಪಟ್ಟಿಗಳಲ್ಲಿರುವ ಶಂಕಿತ ವಿಳಾಸಗಳಷ್ಟೇ ತಿಳಿಯುತ್ತವೆ. ಉಳಿದವು ಗುಪ್ತವಾಗಿಯೇ ಉಳಿಯುತ್ತವೆ. ಇದು ಪುಸ್ತಕದ ಬದನೆಕಾಯಿಯಲ್ಲ. ಇದೇ ಬಳಗಕ್ಕೆ ಸೇರಿದ ಇನ್ನೊಂದು ವಿಧಾನದಿಂದ ಅಮೆರಿಕದ ಬೋಸ್ಟನ್ ನಗರದ ಹತ್ತಾರು ಸಂಸ್ಥೆಗಳು 2016ರಲ್ಲಿ, ತಮ್ಮ ವೇತನಪಟ್ಟಿಯನ್ನು ಯಾರಿಗೂ ತೋರಿಸದೆಯೇ, ಸ್ತ್ರೀ-ಪುರುಷರ ವೇತನದ ಅಂತರವನ್ನು ಲೆಕ್ಕ ಹಾಕಿದವು.

ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2022ರಲ್ಲಿ ಸರ್ಟ್-ಇನ್ ಸಂಸ್ಥೆಯು ಜಾಲದ ದಾಖಲೆಗಳನ್ನು 180 ದಿನ ಕಾದಿರಿಸಬೇಕೆಂದು ಆದೇಶಿಸಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ, ತನಗೆ ಬೇಕಾದ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರದ ಕೈಗಿತ್ತಿದೆ. ಹಕ್ಕನ್ನು ಸಾರಿದ ದೇಶದಲ್ಲೇ ದಾಖಲೆಗಳ ರಾಶಿ ಬೆಳೆಯುತ್ತಿದೆ, ಅದರ ಕಾವಲು ಸಡಿಲವಾಗಿದೆ. ವಿಪರ್ಯಾಸವಲ್ಲವೇ ಇದು?

ಗಣಿತವೊಂದೇ ಎಲ್ಲಕ್ಕೂ ಪರಿಹಾರವೆಂದು ನಾವು ಹೇಳುವುದಿಲ್ಲ. ದುರುದ್ದೇಶದಿಂದ ಪಟ್ಟಿ ತಯಾರಿಸುವವನನ್ನು ತಡೆಯಲು ಕಾನೂನೇ ಬೇಕು. ಆದರೆ ಯಾವ ಪ್ರಶ್ನೆಗಾಗಿ ಹೋಲಿಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವಿಲ್ಲದೆ ಯಾವ ಸಂಸ್ಥೆಯೂ ನಮ್ಮ ದಾಖಲೆಗಳನ್ನು ಮತ್ತೊಬ್ಬರ ಮುಂದಿಡಬಾರದು. ಕಳ್ಳನನ್ನು ಹಿಡಿಯಲು ಊರಿನ ಎಲ್ಲ ಮನೆಗಳ ಬಾಗಿಲು ತೆಗೆದಿಡಬೇಕೆಂಬ ವಾದವನ್ನು ಒಪ್ಪಲಾಗದು.