ತೂಕ ಏರಿಲ್ಲ ಅಂತ ಬಸುರಿಯನ್ನ ಬೈಬೇಡಿ, ಲೆಕ್ಕ ಕೊಡಿ



ಹೋದ ವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ತಂಗಿಯನ್ನ ತಪಾಸಣೆಗೆ ಕರ್ಕೊಂಡು ಹೋಗಿದ್ದೆ. ಸಕಲೇಶಪುರ ಕಡೆಯ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿ ಅವಳ ಸಂಸಾರ. ಈಗ ಏಳು ತಿಂಗಳು. ಬಸುರಿಗೆ ಮುಂಚೆ 41 ಕೆಜಿ ಇದ್ದವಳು ಈಗ 45. ತಾಯಿ ಕಾರ್ಡ್ ನೋಡಿದ ಸಿಸ್ಟರ್ ಎಲ್ಲರೆದುರಿಗೇ, "ನಿಮ್ಮ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ. ಚೆನ್ನಾಗಿ ತಿನ್ನೋಕೆ ಏನಮ್ಮಾ ಕಷ್ಟ?" ಅಂದ್ರು. ತಂಗಿ ತಲೆ ತಗ್ಗಿಸಿದಳು. ನನಗೆ ಮೈಯೆಲ್ಲಾ ಉರೀತು.

'ನಿಮ್ಮ ಜನ.' ಆ ಎರಡು ಪದಕ್ಕೆ ಉತ್ತರ ಈ ಪೋಸ್ಟ್.

ಸಿಸ್ಟರ್ ಹೇಳಿದ್ದರಲ್ಲಿ ನಿಜವೂ ಇದೆ. ನಮ್ಮ ಕಡೆ ಬಸುರಿಗೆ 10ರಿಂದ 12 ಕೆಜಿಯಾದರೂ ಏರಬೇಕು ಅಂತಾರೆ. ಮೊದಲೇ ಸಣಕಲು ಇದ್ದವಳಿಗೆ ಅದೂ ಸಾಲದು, 12ರಿಂದ 18 ಬೇಕು. ಮೊದಲೇ ದಪ್ಪ ಇದ್ದವಳಿಗೆ 7ರಿಂದ 11 ಸಾಕು. ತೂಕ ಏರದಿದ್ದರೆ ಮಗು ಎರಡೂವರೆ ಕೆಜಿಗಿಂತ ಕಮ್ಮಿ ಹುಟ್ಟುವ ಅಪಾಯ ಜಾಸ್ತಿ. "ಜಾಸ್ತಿ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ" ಅನ್ನೋ ನಮ್ಮ ಅವ್ವಂದಿರ ಮಾತನ್ನೂ ನಾವು ಬಿಡಬೇಕು. ಇದು ನಮ್ಮೊಳಗಿನ ತಪ್ಪು, ಒಪ್ಕೋತೀನಿ.

ಆದರೆ ಉಳಿದದ್ದು ಯಾರ ತಪ್ಪು?

ತಂಗಿ ಆರು ತಿಂಗಳು ತುಂಬೋವರೆಗೂ ಹಣ್ಣು ಕುಯ್ದಿದ್ದಾಳೆ. ಸೊಂಟಕ್ಕೆ ಚೀಲ ಕಟ್ಕೊಂಡು, ಇಳಿಜಾರಲ್ಲಿ ನಿಂತು, ಕೆಜಿ ಲೆಕ್ಕದ ಕೂಲಿಗೆ. ಕೂತರೆ ಕೂಲಿ ಇಲ್ಲ. ಬೆಳಿಗ್ಗೆ ಒಂದು ರೊಟ್ಟಿ, ಮಧ್ಯಾಹ್ನ ತಣ್ಣನೆ ಅನ್ನ ತಿಂದು ದಿನವಿಡೀ ಗುಡ್ಡ ಹತ್ತಿ ಇಳಿದರೆ ತೂಕ ಎಲ್ಲಿಂದ ಏರಬೇಕು?

2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ 'ಮಾತೃಪೂರ್ಣ' ಬಂತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ, ತಿಂಗಳಿಗೆ 25 ದಿನ. ಒಳ್ಳೇ ಯೋಜನೆ, ಇಲ್ಲ ಅನ್ನಲ್ಲ. ಆದರೆ ಬಸುರಿ ಅಂಗನವಾಡಿಗೇ ನಡೆದು ಬಂದು ಉಣ್ಣಬೇಕು ಅಂತ ನಿಯಮ ಮಾಡಿದವರು ಆಲೂರು, ಸಕಲೇಶಪುರದ ಗುಡ್ಡ ಕಂಡಿದ್ದಾರಾ? ತೋಟದ ನಡುವಿನ ಲೈನಿಂದ ಅಂಗನವಾಡಿಗೆ ಹೋಗಿ ಬರೋದ್ರಲ್ಲಿ ಅರ್ಧ ದಿನದ ಕೂಲಿ ಹೋಯ್ತು. ಮಳೆಗಾಲದಲ್ಲಿ ಹಳ್ಳ ತುಂಬಿರುತ್ತೆ. "ಆನೆ ಬಂದಿದೆ, ಹೊರಗೆ ಬರಬೇಡಿ" ಅಂತ ಅರಣ್ಯ ಇಲಾಖೆ ಮೆಸೇಜ್ ಬಂದ ದಿನ ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಒಂದು ಮೊಟ್ಟೆಗೆ ಹೋಗಬೇಕಾ?

ದುಡ್ಡಿನ ಕಥೆ ಕೇಳಿ. 2013ರ ಆಹಾರ ಭದ್ರತಾ ಕಾಯ್ದೆ ಸರ್ಕಾರಿ ನೌಕರರನ್ನ ಬಿಟ್ಟು ಪ್ರತಿ ಬಸುರಿಗೂ ಕನಿಷ್ಠ 6,000 ರೂಪಾಯಿ ಅಂತು. 2017ರ ಮಾತೃ ವಂದನಾ ಯೋಜನೆ ಅದನ್ನ 5,000ಕ್ಕೆ ಇಳಿಸಿ, ಮೊದಲ ಮಗುವಿಗೆ ಮಾತ್ರ ಅಂತು. 2022ರಿಂದ ಎರಡನೇದಕ್ಕೂ ಕೊಡ್ತಾರೆ, ಅದು ಹೆಣ್ಣಾದರೆ ಮಾತ್ರ. ತಂಗಿಗೆ ಇದು ಎರಡನೇದು. ಗಂಡಾದರೆ ಅವಳ ಹಸಿವಿಗೆ ಬೆಲೆ ಇಲ್ವಾ?

1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟದ ಕೆಲಸದವರಿಗೂ ಅಂತ ಇತ್ತು. ವರ್ಷದಲ್ಲಿ 80 ದಿನ ದುಡಿದವಳಿಗೆ ಸಂಬಳದ ರಜೆ. ತಂಗಿ 80 ದಿನ ಅಲ್ಲ, ಹತ್ತು ವರ್ಷ ದುಡಿದಿದ್ದಾಳೆ. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ನಾನು ಗುಮಾಸ್ತೆ. ಪುಸ್ತಕದಲ್ಲಿ ಇಲ್ಲದ ಮನುಷ್ಯ ಕಾನೂನಿಗೂ ಇಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. ನನ್ನ ಎರಡೂ ಹೆರಿಗೆಗೆ ಸಂಬಳದ ರಜೆ ಸಿಕ್ಕಿತು. ಒಂದೇ ಅವ್ವನ ಮಕ್ಕಳು ನಾವು. ನಡುವೆ ಇರೋದು ಒಂದು ಪುಸ್ತಕ.

ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯ ಮಸೂದೆ ಪರ ನಿಂತಿದ್ದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂತ ವಾದಿಸಿದರು. ಏಪ್ರಿಲ್ 14ಕ್ಕೆ ಹಾರ ಹಾಕೋ ನಾವು ಇದನ್ನ ಎಷ್ಟು ಸಭೆಯಲ್ಲಿ ಮಾತಾಡಿದ್ದೀವಿ? ಸಂಘಟನೆಯ ಅಣ್ಣಂದಿರೇ, ಬಸುರಿಯ ತೂಕ 'ಹೆಂಗಸರ ವಿಷಯ' ಅಲ್ಲ. ಅದು ಕೂಲಿಯ ವಿಷಯ, ಜಾತಿಯ ವಿಷಯ.

ನಮ್ಮ ಬೇಡಿಕೆ ಇಷ್ಟು: ಊಟ ಲೈನ್ ಮನೆಗೇ ಬರಲಿ. ಪ್ರತಿ ಹೆರಿಗೆಗೂ 6,000 ಸಿಗಲಿ. ಕುಯ್ಲಿಗೆ ಬರೋ ಪ್ರತಿ ಹೆಂಗಸಿನ ಹೆಸರು ಹಾಜರಿ ಪುಸ್ತಕಕ್ಕೆ ಏರಲಿ.

ನಿಮ್ಮಲ್ಲಿ ಒಂದು ಕೋರಿಕೆ. ಈ ಭಾನುವಾರ ನಿಮ್ಮ ಕೇರಿಯ, ಲೈನಿನ ಬಸುರಿಯರ ತಾಯಿ ಕಾರ್ಡ್ ನೋಡಿ. ಮೂರು ತಿಂಗಳಾದ ಮೇಲೆ ವಾರಕ್ಕೆ ಹೆಚ್ಚು ಕಮ್ಮಿ ಅರ್ಧ ಕೆಜಿ ಏರ್ತಾ ಇರಬೇಕು. ಏರದಿದ್ದರೆ ಬೈಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಜೊತೆಗೆ ಹೋಗಿ. ಒಮ್ಮೆಲೇ ತೂಕ ಏರಿ, ಮುಖ, ಕೈ ಊದಿ, ತಲೆನೋವು, ಕಣ್ಣು ಮಂಜು ಅಂದರೆ ಅದು ಬಿಪಿ ಇರಬಹುದು. ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸಿಸ್ಟರ್ ಮೇಡಂಗೆ ಒಂದು ಮಾತು: ನೀವೂ ಕೆಲಸದ ಹೊರೆಯಲ್ಲಿ ನಲುಗಿದ್ದೀರಿ, ಗೊತ್ತು. ಮುಂದಿನ ಸಲ "ಯಾಕೆ ತಿಂದಿಲ್ಲ" ಅಂತ ಕೇಳೋ ಬದಲು "ತಿನ್ನೋಕೆ ಏನಿದೆ" ಅಂತ ಕೇಳಿ. ನನ್ನ ತಂಗಿ ತಲೆ ಎತ್ತಿ ಉತ್ತರ ಕೊಡ್ತಾಳೆ.

ಜೈ ಭೀಮ್.