ಹೊಸ ತೆನೆಯಲ್ಲಿ ಅಪ್ಪನ ಪಾಲು

ಸೆಪ್ಟೆಂಬರ್ 8 ಬಂತೆಂದರೆ ನನಗೆ ಮೊದಲು ನೆನಪಾಗುವುದು ಅಪ್ಪನ ಕೆಸರು ಮೆತ್ತಿದ ಕೈ. ಕರಾವಳಿಯ ಕ್ಯಾಥೊಲಿಕರಿಗೆ ಅಂದು ಮೊಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟುಹಬ್ಬವೂ ಹೌದು, ಹೊಸ ಅಕ್ಕಿ ಊಟವೂ ಹೌದು. ಒಂಬತ್ತು ದಿನ ನಾವು ಮಕ್ಕಳು ಬುಟ್ಟಿ ತುಂಬಾ ಹೂ ಕೊಯ್ದು ಇಗರ್ಜಿಗೆ ಓಡುತ್ತಿದ್ದೆವು. ಫಾದರ್ ಆಶೀರ್ವದಿಸುವ ತೆನೆಯಲ್ಲಿ ನಮ್ಮ ಗದ್ದೆಯದೂ ಇರುತ್ತಿತ್ತು. ಅಪ್ಪ ತೆನೆಯನ್ನು ಮನೆಯ ಅಲ್ತಾರಿನ ಮುಂದಿಟ್ಟು ಪ್ರಾರ್ಥಿಸಿ, ಕಾಳು ಸುಲಿದು ಅಮ್ಮನ ಪಾಯಸಕ್ಕೆ ಕೊಡುತ್ತಿದ್ದರು. ಅದಕ್ಕೂ ಮೊದಲು, ಮುಂಬೈಯಲ್ಲಿದ್ದ ಅಣ್ಣನಿಗೆಂದು ನಾಲ್ಕು ಕಾಳು ಕಾಗದದಲ್ಲಿ ಮಡಚಿಡುತ್ತಿದ್ದರು, ಅಂಚೆಗೆ ಹಾಕಲು. "ದೂರ ಇದ್ದವನಿಗೂ ಪಾಲುಂಟು" ಅನ್ನುವುದಷ್ಟೇ ಅವರ ಪ್ರವಚನ.

ಈಗ ಆ ಗದ್ದೆ ಅಡಿಕೆ ತೋಟ. ಇಗರ್ಜಿಗೆ ತೆನೆ ಬೇರೆ ಊರಿಂದ ಬರುತ್ತದೆ. ಹಬ್ಬವೇನೋ ನಿಂತಿಲ್ಲ. ಆದರೆ ತೆನೆ ಬೆಳೆದವರ ಕೈ ನೋಡದ ಮಗುವಿಗೆ ಕೃತಜ್ಞತೆ ಕಲಿಸುವುದು ಹೇಗೆ? ವಾಟ್ಸಾಪ್‌ನಲ್ಲಿ ಶುಭಾಶಯ ಕಳಿಸಿದರೆ ಪಾಲು ಕೊಟ್ಟಂತಾಗದು.

ಹಬ್ಬ ಉಳಿಯಬೇಕು ಅನ್ನುವವರು ಐದು ಸೆಂಟ್ಸಾದರೂ ಗದ್ದೆ ಉಳಿಸಿಕೊಳ್ಳಲಿ, ಮಕ್ಕಳನ್ನು ಅದಕ್ಕಿಳಿಸಲಿ. ಧರ್ಮೋಪದೇಶದ ತರಗತಿಗಿಂತ ಮೊದಲೇ ನನಗೆ ದೇವರನ್ನು ತೋರಿಸಿದ್ದು ಆ ಕೆಸರು ಕೈ.